ಉಂಡು ಹೋದವರು ಮನೆ ಕೊಳ್ಳಲಿಲ್ಲ

ಮನೆ ಮಾರಬೇಕೆಂದಿರುವವರು ನನ್ನನ್ನು ಕೇಳಿದರೆ ನಾನು ಹೇಳುವ ಮೊದಲ ಮಾತು ಒಂದೇ: ಮನೆ ನೋಡಲು ಬಂದವರಿಗೆ ಊಟ ಹಾಕಬೇಡಿ. ನೀರು ಕೊಡಿ, ಬೆಲ್ಲ ಕೊಡಿ, ಬಹಳವೆಂದರೆ ಒಂದು ಲೋಟ ಕಾಫಿ ಕೊಡಿ. ಎಲೆ ಹಾಸಿದಿರೋ, ಮನೆ ನಿಮ್ಮ ಕೈಯಲ್ಲೇ ಉಳಿಯಿತು ಎಂದು ತಿಳಿಯಿರಿ. ಇದನ್ನು ನಾನು ಎಲ್ಲೂ ಓದಿ ಹೇಳುತ್ತಿಲ್ಲ. ನನ್ನ ಜನ್ಮದಲ್ಲಿ ನಾನು ಮಾರಲು ಓಡಾಡಿದ್ದು ಒಂದೇ ಮನೆಗೆ, ಅದೂ ನನ್ನದಲ್ಲ, ನಮ್ಮ ಅತ್ತೆಯದು. ಆ ಒಂದು ಮನೆ ಮಾರುವಷ್ಟರಲ್ಲಿ ನಾನು ಹಣ್ಣಾಗಿ ಹೋಗಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಮದುವೆಯಾಗಿ ಎರಡು ವರ್ಷ. ತವರು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿ ಕಡೆಯ ಒಂದು ಹಳ್ಳಿ, ಕೊಟ್ಟದ್ದು ಶಿಕಾರಿಪುರಕ್ಕೆ. ಮದುವೆಯಾಗಿ ಆರು ತಿಂಗಳಿಗೆ, ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದ ನಮ್ಮನೆಯವರಿಗೆ ಸೊರಬಕ್ಕೇ ವರ್ಗವಾಯಿತು. ನೋಡಿ ಚೆಂದವನ್ನು! ನಾನು ಆ ಕಡೆಯಿಂದ ಈ ಕಡೆ ಬಂದೆ, ಅವರು ಈ ಕಡೆಯಿಂದ ಆ ಕಡೆ ಹೋದರು. ಅಲ್ಲಿ ಇನ್ನೊಬ್ಬ ಮೇಷ್ಟ್ರ ಜೊತೆ ಒಂದು ಕೋಣೆಯಲ್ಲಿದ್ದು, ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ಮೈತುಂಬ ಕೆಂಧೂಳು ಮಾಡಿಕೊಂಡು ಬಂದಿಳಿಯುತ್ತಿದ್ದರು. ಭಾನುವಾರ ಸಂಜೆಯ ಬಸ್ಸಿಗೆ ಮತ್ತೆ ಹೊರಟುಬಿಡುತ್ತಿದ್ದರು. ವಾರಕ್ಕೊಂದು ದಿನದ ಸಂಸಾರ ನಮ್ಮದು. ಅದರಲ್ಲೂ ಅರ್ಧ ದಿನ ಅವರ ಅಂಗಿ ಒಗೆಯುವುದರಲ್ಲೇ ಹೋಗುತ್ತಿತ್ತು.

ಮಾವ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಮನೆಯನ್ನು ಅತ್ತೆಯ ಹೆಸರಿಗೆ ಮಾಡಿಟ್ಟು ಹೋಗಿದ್ದರು. ಅತ್ತೆಯೊಬ್ಬರನ್ನೇ ಬಿಟ್ಟು ನಾನು ಗಂಡನ ಹಿಂದೆ ಹೋಗುವಂತಿಲ್ಲ, ಅತ್ತೆಯನ್ನು ಕರೆದುಕೊಂಡು ಆ ಒಂದು ಕೋಣೆಗೆ ಹೋಗುವಂತೆಯೂ ಇಲ್ಲ. ಹೀಗಿರುವಾಗ ಸೊರಬದಲ್ಲಿ ಶಾಲೆಯ ಹತ್ತಿರವೇ ಒಂದು ಮನೆ ಮಾರಾಟಕ್ಕೆ ಬಂತು. ಎರಡು ಕೋಣೆ, ನಡುಮನೆ, ಹಿತ್ತಲಲ್ಲಿ ಬಾವಿ. ಅದರ ಯಜಮಾನರು ಸಾಗರದಲ್ಲಿ ಅಂಗಡಿ ಇಡಲು ಹೊರಟಿದ್ದರು. "ಮೇಷ್ಟ್ರೇ, ಯುಗಾದಿ ತನಕ ನಿಮಗೇ ಅಂತ ಇಟ್ಟಿರ್ತೀನಿ. ಆಮೇಲೆ ಬೇರೆಯವರಿಗೆ ಕೊಟ್ರೆ ನನ್ನ ಬೈಬೇಡಿ" ಎಂದಿದ್ದರು. ಅದನ್ನು ನಮ್ಮನೆಯವರ ಹೆಸರಿಗೆ ಕೊಳ್ಳಬೇಕಾದರೆ ಶಿಕಾರಿಪುರದ ಮನೆ ಮಾರಬೇಕು. ಆಗ ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು.

ನಮ್ಮನೆಯವರು ಹೆದರಿ ಹೆದರಿ ಅತ್ತೆಯ ಮುಂದೆ ವಿಷಯ ಎತ್ತಿದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, "ಮಾರಾಣ ಬಿಡು, ಅದಕ್ಯಾಕ ಇಷ್ಟು ತೊದಲ್ತೀ" ಎಂದರು. ನನಗೆ ಖುಷಿಯೋ ಖುಷಿ. ಅಂದೇ ಮನಸ್ಸಿನಲ್ಲಿ ಸೊರಬದ ಮನೆಯ ಒಲೆ ಯಾವ ಮೂಲೆಗೆ, ನೀರಿನ ಹಂಡೆ ಯಾವ ಮೂಲೆಗೆ ಎಂದು ಹೂಡತೊಡಗಿದೆ. ಪೆದ್ದು ನಾನು. ಅತ್ತೆ ತಲೆಯೆತ್ತದೆ ಒಪ್ಪಿದ್ದು ಯಾಕೆಂದು ಒಂದು ಗಳಿಗೆ ಯೋಚಿಸಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ವಯಸ್ಸಾದ ಶಾನುಭೋಗರೊಬ್ಬರಿದ್ದರು. ಊರಿನ ಅರ್ಧ ಮನೆಗಳ ಪತ್ರ ಅವರ ಕೈಬರಹದಲ್ಲೇ ಇತ್ತು. ನಮ್ಮನೆಯವರು ಅವರನ್ನು ಕರೆತಂದು ಜಗಲಿಯ ಮೇಲೆ ಕೂರಿಸಿದರು. ಅವರು ಎಲೆಯಡಿಕೆ ಹಾಕಿಕೊಂಡು ಶುರುಮಾಡಿದರು.

"ಮೊದ್ಲು ಪತ್ರ ತೆಗದು ನೋಡ್ರಿ. ಖಾತೆ ಯಾರ ಹೆಸರಿಗೈತಿ, ನಾಕೂ ದಿಕ್ಕಿನ ಚಕ್ಕುಬಂದಿ ಸರಿ ಐತೋ ಇಲ್ಲೋ. ಕೊಳ್ಳೋರು ಬಂದಾಗ ಟ್ರಂಕು ತಡಕ್ತಾ ಕುಂದ್ರಬಾರ್ದು. ಸುಣ್ಣ ಹೊಡಿಸ್ರಿ, ಆದ್ರ ವಾರ ಮೊದ್ಲೇ ಹೊಡಿಸ್ರಿ. ಹಸಿ ಸುಣ್ಣ ಕಂಡ್ರ ಏನೋ ಬಿರುಕು ಮುಚ್ಯಾರ ಅಂತಾರ. ಅಟ್ಟ ಖಾಲಿ ಮಾಡ್ರಿ. ಅಟ್ಟ ತುಂಬಿದ್ರ ಮನಿ ಸಣ್ಣದು ಕಾಣ್ತೈತಿ." ಆಮೇಲೆ ಅತ್ತೆಯ ಕಡೆ ಓರೆಗಣ್ಣಲ್ಲಿ ನೋಡಿ, "ಇನ್ನೊಂದು. ಮನಿ ತೋರಿಸೋರು ಒಬ್ರೇ ಇರ್ಲಿ. ಮಾತು ಕಮ್ಮಿ ಇರ್ಲಿ" ಎಂದರು.

ಅತ್ತೆ, "ಆತು ಬಿಡ್ರಿ, ನಾ ಮೂಗಿ ಆಗ್ತೀನಿ" ಎಂದರು.

ಶಾನುಭೋಗರ ಮಾತನ್ನು ನಾನು ಚಾಚೂ ತಪ್ಪದೆ ನಡೆಸಿದೆ. ಅಟ್ಟ ಹತ್ತಿ ಇಳಿದು ಮೊಣಕಾಲು ಕಿತ್ತುಕೊಂಡೆ. ಗೋಡೆಗೆ ಸುಣ್ಣ, ಕೆಳಗಿನ ಪಟ್ಟಿಗೆ ಕೆಮ್ಮಣ್ಣು, ನೆಲಕ್ಕೆ ಸಗಣಿ. ಹಿತ್ತಲ ಬಾಗಿಲಿನ ಚಿಲಕ ಬಹಳ ದಿನದಿಂದ ಅಲುಗಾಡುತ್ತಿತ್ತು, ಅದಕ್ಕೆ ಮೊಳೆ ಹೊಡೆಸಿದೆ. ಮನೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಇಷ್ಟು ದಿನ ಇಲ್ಲಿದ್ದವರು ಯಾಕೆ ಹೀಗಿಟ್ಟುಕೊಂಡಿರಲಿಲ್ಲ ಎಂದು ನನಗೇ ಬೇಜಾರಾಯಿತು.

ಮೊದಲು ಬಂದವರು ಉಡುತಡಿ ಕಡೆಯ ರೈತ ಗಂಡಹೆಂಡತಿ. ಮಕ್ಕಳನ್ನು ಹೈಸ್ಕೂಲಿಗೆ ಹಾಕಲು ಊರಲ್ಲೊಂದು ಮನೆ ಬೇಕಿತ್ತು ಅವರಿಗೆ. ಒಳ್ಳೆಯ ಜನ. ಮೂಗಿಯಾಗುತ್ತೇನೆಂದಿದ್ದ ನಮ್ಮ ಅತ್ತೆ ಹೊಸ್ತಿಲಲ್ಲೇ ಅವರನ್ನು ಹಿಡಿದರು. "ಬರ್ರಿ, ಬರ್ರಿ ಒಳಗ. ಬಿಸಿಲಾಗ ಬಂದೀರಿ." ನಡುಮನೆ ತೋರಿಸಿದರು, ಜೊತೆಗೆ ಮಳೆಗಾಲದಲ್ಲಿ ಅದು ಸೋರುವ ಜಾಗವನ್ನೂ ತೋರಿಸಿದರು. "ಈ ಮೂಲ್ಯಾಗ ಒಂದೀಟು ಸೋರ್ತೈತಿ. ಕೆಳಗ ಹಂಡೆ ಇಟ್ರ ಆತು. ಈ ಕಂಬಕ್ಕ ಗೆದ್ಲು ಹತ್ತಿತ್ತು, ಸೀಮೆಎಣ್ಣೆ ಬಿಟ್ಟೀನಿ. ಹಿತ್ತಲಾಗ ಚೇಳು ಅದಾವ, ಆದ್ರ ನಮಗೇನೂ ಮಾಡಿಲ್ಲ ಪಾಪ." ನಾನು ಹಿಂದೆ ನಿಂತು ಹಣೆ ಚಚ್ಚಿಕೊಂಡೆ.

ಅಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿತ್ತು. "ಊಟದ ಹೊತ್ತು. ಹಂಗ ಹೋದ್ರ ನಮ್ಮ ಮನಿ ಏನಾಗಬೇಕು?" ಎಂದು ಇಬ್ಬರನ್ನೂ ಕೂರಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದರು. ನನ್ನ ಕೈಯಿಂದ ಬಿಸಿ ಬಿಸಿ ಎರಡನೇ ರೊಟ್ಟಿ ಹಾಕಿಸಿದರು. ಉಂಡ ಮೇಲೆ ಆ ರೈತ ಎಲೆಯಡಿಕೆ ಮೆಲ್ಲುತ್ತ ಬಹಳ ಹೊತ್ತು ತೊಲೆ ನೋಡುತ್ತ ಕುಳಿತರು. ಆಮೇಲೆ, "ಮನಿ ಚಲೋ ಐತ್ರಿ ಅವ್ವಾರ. ನೀವೂ ಚಲೋ ಅದೀರಿ. ಹೋಗಿಬರ್ತೀವಿ" ಎಂದು ಎದ್ದರು.

ಹೆಂಗಸನ್ನು ಬೀದಿ ತನಕ ಬಿಟ್ಟು ಬರಲು ಹೋದವಳು ನಾಚಿಕೆ ಬಿಟ್ಟು ಕೇಳಿದೆ, "ಮನೆ ಹಿಡಿಸಲಿಲ್ವ?"

"ಹಿಡಿಸ್ತು ತಂಗಿ. ಆದ್ರ ನಿಮ್ಮ ಮನಿ ಅನ್ನ ಉಂಡು, ಆ ಬಾಯಾಗೇ ರೇಟು ಇಳಿಸ್ರಿ ಅಂತ ಹೆಂಗ ಕೇಳಾದು? ಇಳಿಸದಿದ್ರ ನಮಗ ಆಗಂಗಿಲ್ಲ."

ಈಗಿನವರು ನಗಬಹುದು. ಆಗ ನಮ್ಮ ಕಡೆ ಹಾಗಿತ್ತು. ಉಂಡ ಮನೆಯಲ್ಲಿ ಚೌಕಾಸಿ ಮಾಡಲು ಜನಕ್ಕೆ ನಾಲಿಗೆ ಏಳುತ್ತಿರಲಿಲ್ಲ. ಅತ್ತೆಗೆ ಇದು ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರ ನಂತರ ಬಂದ ನಾಲ್ಕು ಮನೆಯವರಿಗೂ ಉಣ್ಣಿಸಿಯೇ ಕಳಿಸಿದರು. ಒಬ್ಬರಿಗಂತೂ ಹೋಳಿಗೆ ಮಾಡಿದರು. ಅವರು ಹೋಗುವಾಗ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೋದರೇ ಹೊರತು ಮನೆಯ ಮಾತು ಎತ್ತಲಿಲ್ಲ.

ಊಟ ಮಾಡದೆ ಹೋದವರು ಒಬ್ಬರೇ, ಧಾನ್ಯದ ವ್ಯಾಪಾರಿ. ಅವರು ಅಡುಗೆಮನೆಗೆ ಬಂದು ಗೋಡೆಯ ಮುಂದೆ ನಿಂತರು. ನಮ್ಮ ಅಡುಗೆಮನೆಯ ಗೋಡೆ ಪಕ್ಕದ ಮನೆಗೂ ಅದೇ ಗೋಡೆ. ಅದರಲ್ಲಿ ಎದೆಯ ಎತ್ತರಕ್ಕೆ, ಎರಡು ಇಟ್ಟಿಗೆ ತೆಗೆದಷ್ಟು ಅಗಲದ ಒಂದು ಕಿಂಡಿಯಿತ್ತು.

"ಇದೇನ್ರಿ ತೂತು?"

"ತೂತಲ್ರಿ. ಕಿಂಡಿ" ಎಂದರು ಅತ್ತೆ.

"ಆ ಕಡಿ ಯಾರು?"

"ಕಲಾಯಿ ಸಾಬರ ಮನಿ."

"ಮೊದ್ಲು ಇದನ್ನ ಮುಚ್ಚಿಸ್ರಿ. ಆಮ್ಯಾಗ ಮಾತಾಡಾಣ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇದನ್ನ ಮುಚ್ಚೋರಿಗೆ ನಾ ಮನಿ ಕೊಡಂಗಿಲ್ಲ. ನೀವು ಹೊರಡ್ರಿ." ವ್ಯಾಪಾರಿ ಕಾಫಿಯ ಲೋಟವನ್ನು ಅರ್ಧಕ್ಕೇ ಇಟ್ಟು ಹೊರಟರು.

ಆ ಕಿಂಡಿಯ ಕಥೆ ನಾನು ಕೇಳಿ ಗೊತ್ತಿದ್ದದ್ದು. ಪಕ್ಕದ ಮನೆಯ ಸಾಬರು ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದರು. ನಮ್ಮನೆಯವರು ಹುಟ್ಟಿ ಅತ್ತೆ ಬಾಣಂತಿಯಾಗಿದ್ದಾಗ ಮಾವ ಊರಲ್ಲಿರಲಿಲ್ಲವಂತೆ. ಮಳೆಯಿಂದ ಸೌದೆಯೆಲ್ಲ ನೆನೆದು, ಮಗುವಿನ ಮೈ ಕಾಯಿಸಲು ಒಂದು ಕೆಂಡವಿಲ್ಲ. ಗೋಡೆಯಾಚೆಯಿಂದ ಮಗು ಅಳುವುದು ಕೇಳಿ ಬೂಬಮ್ಮ ಗಂಡನ ಸುತ್ತಿಗೆ ತಂದು ಎರಡು ಇಟ್ಟಿಗೆ ಬೀಳಿಸಿ, ಇಕ್ಕಳದಲ್ಲಿ ಕೆಂಡ ಹಿಡಿದು ಈಚೆ ಚಾಚಿದರಂತೆ. ಅಂದಿನಿಂದ ಅದು ಮುಚ್ಚಿರಲಿಲ್ಲ. ಕೆಂಡ, ಕರಿಬೇವು, ನಿಂಬೆಹಣ್ಣು, ಊರಿನ ಸುದ್ದಿ ಎಲ್ಲ ಅದರಲ್ಲೇ ಓಡಾಡುತ್ತಿದ್ದವು. ಆ ಕಾಲದ ಮಡಿಗೆ ಅವರ ಮನೆಯಲ್ಲಿ ಬೇಯಿಸಿದ್ದು ನಮಗೆ ಬರುತ್ತಿರಲಿಲ್ಲ. ಬೂಬಮ್ಮನಿಗೂ ಅದು ಗೊತ್ತು. ರಂಜಾನ್ ಹಬ್ಬಕ್ಕೆ ಒಣ ಶಾವಿಗೆ, ಸಕ್ಕರೆ, ಖರ್ಜೂರವನ್ನು ತಟ್ಟೆಯಲ್ಲಿಟ್ಟು, "ನೀವೇ ಮಾಡ್ಕಳಿ ಅಕ್ಕಾ" ಎಂದು ಕಿಂಡಿಯಲ್ಲಿ ತಳ್ಳುತ್ತಿದ್ದರು. ಅತ್ತೆ ಅದಕ್ಕೆ ಹಾಲು ಹಾಕಿ ಪಾಯಸ ಮಾಡಿ, ಅರ್ಧವನ್ನು ಅದೇ ತಟ್ಟೆಯಲ್ಲಿ ವಾಪಸು ಕಳಿಸುತ್ತಿದ್ದರು.

ಇಷ್ಟೆಲ್ಲ ಓಡಾಡುವ ಕಿಂಡಿಯಲ್ಲಿ ಆ ಎರಡು ತಿಂಗಳು ಮನೆ ಮಾರುವ ಮಾತೊಂದು ಮಾತ್ರ ಒಮ್ಮೆಯೂ ಹೋಗಲಿಲ್ಲ, ಬರಲಿಲ್ಲ. ಬಂದವರ ದನಿ, ಹೋದವರ ದನಿ ಆ ಕಡೆ ಕೇಳಿಸದೆ ಇರುತ್ತದೆಯೇ? ಬೂಬಮ್ಮ ಕೇಳಲಿಲ್ಲ. ಅತ್ತೆ ಹೇಳಲಿಲ್ಲ. ಇಬ್ಬರೂ ಬದನೆಗಿಡಕ್ಕೆ ಹುಳ ಬಿದ್ದ ವಿಷಯ ಮಾತಾಡುತ್ತಿದ್ದರು.

ಶಿವರಾತ್ರಿ ಕಳೆಯಿತು. ಸೊರಬದ ಮನೆಯ ಯಜಮಾನರು ಮತ್ತೊಮ್ಮೆ ಕೇಳಿದರೆಂದು ನಮ್ಮನೆಯವರು ಹೇಳಿದರು. ಹೇಳಿ ಸುಮ್ಮನೆ ಅಂಗಿ ಮಡಚುತ್ತ ಕೂತರು. ನನಗೆ ರೇಗಿತು. "ನಿಮ್ಮ ತಾಯಿಗೆ ಒಂದು ಮಾತು ಹೇಳೋಕೆ ನಿಮಗೆ ಬಾಯಿಲ್ವ? ತರಗತಿಯಲ್ಲಿ ಮಕ್ಕಳ ಮುಂದೆ ಮಾತ್ರ ಬಾಯಿ ಬರುತ್ತಾ?" ಎಂದೆ. ಅವರು ನಕ್ಕರು. ನಗುವುದನ್ನು ನೋಡಿ ಇನ್ನೂ ರೇಗಿತು. ಅವರು ಬಸ್ಸಿಗೆ ಹೋದ ಮೇಲೆ ಹಿತ್ತಲಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಇಪ್ಪತ್ತು ವರ್ಷದ ಹೆಣ್ಣು, ವರ್ಗವಾದಾಗಿನಿಂದ ಗಂಡನ ಜೊತೆ ಒಂದು ಸೋಮವಾರ ಕಂಡವಳಲ್ಲ.

ಯುಗಾದಿಗೆ ಮೂರು ವಾರವಿದ್ದಾಗ ಬಂದಳಿಕೆ ಕಡೆಯ ಒಬ್ಬರು ಸೋಮವಾರ ಮನೆ ನೋಡಲು ಬರುವುದಾಗಿ ಹೇಳಿಕಳಿಸಿದರು. ಅದಕ್ಕೆ ಮೊದಲಿನ ಶುಕ್ರವಾರ ಅತ್ತೆ ನೆಂಟರ ಮನೆಗೆ ತೊಟ್ಟಿಲು ಹಾಕುವುದಕ್ಕೆ ಹೋದರು, ಶನಿವಾರ ಬರುವವರು. ಬಾಗಿಲು ಹಾಕಿಕೊಂಡವಳೇ ನಾನು ಹಿತ್ತಲಲ್ಲಿ ಮಣ್ಣು ಕಲಸಿದೆ. ಎರಡು ಇಟ್ಟಿಗೆ ಹುಡುಕಿದೆ. ಕಿಂಡಿಯ ಮುಂದೆ ನಿಂತೆ. ಮೊದಲ ಇಟ್ಟಿಗೆ ಇಡುವಾಗ ಅಳುಕಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಳುಕಲಿಲ್ಲ. ಅಷ್ಟು ಸಿಟ್ಟಿತ್ತು.

ಇಟ್ಟಿಗೆ ಅಲುಗಾಡಿತು. ಆ ಕಡೆಯಿಂದ ಬೂಬಮ್ಮನ ದನಿ ಬಂತು. "ಏನ್ ಮಾಡ್ತಿದೀಯಮ್ಮಾ?"

"ಇಲಿ ಕಾಟ ಬೂಬಮ್ಮ. ಮುಚ್ತಾ ಇದೀನಿ" ಎಂದುಬಿಟ್ಟೆ.

ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. "ಹೌದು. ಇಲಿ ಬಾಳ ಆಗ್ಯಾವೆ" ಎಂದರು. ಅವರು ಹಿತ್ತಲಿಗೆ ಹೋಗಿ ಬಂದ ಹೆಜ್ಜೆಸದ್ದು ಕೇಳಿಸಿತು. ನಾನು ಎರಡನೇ ಇಟ್ಟಿಗೆ ಎತ್ತುವಷ್ಟರಲ್ಲಿ ಉಳಿದ ಸಂದಿಯಲ್ಲಿ ಒಂದು ಕೈ ಬಂತು. ಬಳೆ ತುಂಬಿದ ಆ ಕೈಯಲ್ಲಿ ಒಂದು ಹಳೆಯ ತಟ್ಟೆ, ತಟ್ಟೆಯಲ್ಲಿ ಕಲಸಿದ ಗಾರೆ. "ಬರೀ ಮಣ್ಣು ನಿಲ್ಲಲ್ಲಮ್ಮಾ, ಬಿದ್ದೋಗ್ತೈತೆ. ಇದನ್ನ ಹಾಕು. ನಮ್ಮ ಹಿತ್ತಲ ಕಟ್ಟೆಗೆ ಕಲಸಿದ್ದು ಉಳಿದೈತೆ. ಈ ಕಡೆಯಿಂದ ನಾನೇ ಮೆತ್ತುತೀನಿ."

ಆಗ ಅಳುಕಿದೆ. ಆದರೆ ನಿಲ್ಲಿಸಲಿಲ್ಲ. ಈ ಕಡೆಯಿಂದ ನಾನು, ಆ ಕಡೆಯಿಂದ ಅವರು, ಇಬ್ಬರೂ ಸೇರಿ ಮುಚ್ಚಿದೆವು. ಅವರ ಕೈ ಗೋಡೆಗೆ ಸವರುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಕೇಳಿಸಲಿಲ್ಲ. ಅಡುಗೆಮನೆ ಕತ್ತಲಾಯಿತು. ಅಲ್ಲಿಂದ ಅಷ್ಟು ಬೆಳಕು ಬರುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಬಂದ ಅತ್ತೆ ಕಾಲು ತೊಳೆದು ನೇರ ಅಡುಗೆಮನೆಗೆ ಹೋದರು. ನಾನು ಬೈಗುಳಕ್ಕೆ ಸಿದ್ಧಳಾಗಿ ಉತ್ತರ ಕೂಡಿಸಿಟ್ಟುಕೊಂಡು ನಿಂತಿದ್ದೆ. ಅವರು ಬೈಯಲಿಲ್ಲ. ಹಸಿ ಗೋಡೆಯ ಮೇಲೆ ಅಂಗೈ ಇಟ್ಟು, "ಗಾರೆ ಎಲ್ಲಿಂದ ತಂದಿ?" ಎಂದು ಕೇಳಿದರು.

"ಬೂಬಮ್ಮ ಕೊಟ್ರು" ಎಂದೆ.

"ಅಕಿನೇ ಕೊಟ್ಲಾ" ಎಂದು ಅಲ್ಲೇ ನೆಲಕ್ಕೆ ಕುಳಿತರು. ಆ ದಿನ ಅವರು ಊಟ ಮಾಡಲಿಲ್ಲ. ಸಂಜೆ ನಮ್ಮನೆಯವರು ಬಂದು, ಒಬ್ಬರ ಮುಖ ಒಬ್ಬರು ನೋಡದ ನಮ್ಮಿಬ್ಬರನ್ನು ಕಂಡು, ಏನನ್ನೂ ಕೇಳದೆ ತಾವೇ ಕಾಫಿ ಮಾಡಿಕೊಂಡರು. ನನಗೆ ಮೈಯೆಲ್ಲ ಮುಳ್ಳು. ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎದುರು ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಸಾಬರು ಮತ್ತು ಬೂಬಮ್ಮ. ಸಾಬರು ಹಬ್ಬದ ಕೋಟು ಹಾಕಿದ್ದರು. ಬೂಬಮ್ಮ ಬಿಳಿ ಬುರ್ಖಾ ತೊಟ್ಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದಿದ್ದರು. ಅವರು ಎದುರು ಬಾಗಿಲಿನಿಂದ ಬಂದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಅತ್ತೆ ಗಾಬರಿಯಾಗಿ ಎದ್ದು ಚಾಪೆ ಹಾಸಿದರು.

ಸಾಬರು ಚಾಪೆಯ ಅಂಚಿನಲ್ಲಿ ಕೂತರು. "ಅಮ್ಮಾವ್ರೆ, ನಮ್ಮ ಎರಡನೇ ಮಗನ ನಿಕಾ ಗೊತ್ತಾಗೈತೆ. ಮನೇಲಿ ಜಾಗ ಸಾಲಲ್ಲ. ಹುಡುಗರು ಪಾತ್ರೆ ಅಂಗಡಿ ಹಾಕಿ ನಾಕು ಕಾಸು ಕೂಡಿಸ್ಯಾರೆ. ನಿಮ್ಮ ಮನೆ ನಮಗೆ ಕೊಡ್ತೀರಾ?"

ಅತ್ತೆ ಅವರನ್ನು ಬಿಟ್ಟು ಬೂಬಮ್ಮನ ಕಡೆ ತಿರುಗಿದರು. "ಎರಡು ತಿಂಗಳಾತಲ್ಲೇ! ಊರಾಗಿನ ಜನ ಎಲ್ಲ ಬಂದು ಉಂಡು ಹೋದ್ರು. ನಿನಗ ಬಾಯಿ ಇರ್ಲಿಲ್ಲೇನು?"

"ಹೆಂಗೆ ಕೇಳ್ಲಿ ಅಕ್ಕಾ?" ಬೂಬಮ್ಮನ ಕಣ್ಣು ತುಂಬಿತು. "ಮನೆ ಕೊಡಿ ಅಂದ್ರೆ ನೀವು ಹೋಗಿ ಅಂದಂಗೆ ಆಗಲ್ವಾ? ನನ್ನ ಬಾಯಲ್ಲಿ ಆ ಮಾತು ಬರ್ತೈತಾ? ಕಿಂಡಿ ಇರೋ ತನಕ ನೀವು ಹೋಗಲ್ಲ ಅಂತಲೇ ಅಂದ್ಕಂಡಿದ್ದೆ. ಮೊನ್ನೆ ಮುಚ್ಚಿದ ಮೇಲೆ ಗೊತ್ತಾಯ್ತು, ಹೋಗ್ತೀರಿ ಅಂತ. ನೀವಾದ್ರೂ ಒಂದು ಮಾತು ಹೇಳಬೋದಿತ್ತಲ್ಲ?"

"ನಾ ಹೇಳಿದ್ರ, ಕೊಳ್ರಿ ಅಂತ ಕುತ್ತಿಗಿ ಮ್ಯಾಲೆ ಕುಂತಂಗ ಆಗ್ತಿತ್ತು. ನೀವು ಇಲ್ಲ ಅನ್ನಂಗಿಲ್ಲ, ಹೌದು ಅನ್ನಾಕ ಕೈಯಾಗ ರೊಕ್ಕ ಇರ್ತೈತೋ ಇಲ್ಲೋ" ಎಂದರು ಅತ್ತೆ. ಇಬ್ಬರೂ ಅಳತೊಡಗಿದರು. ಸಾಬರು ಕಿಟಕಿಯ ಕಡೆ ನೋಡಿದರು. ನಮ್ಮನೆಯವರು ಬಾಳೆಹಣ್ಣಿನ ಕಡೆ ನೋಡಿದರು.

ಮನೆ ಮಾರುವವರಿಗೆ ನನ್ನ ಎರಡನೇ ಮಾತು ಇಲ್ಲಿಂದ ಬಂದದ್ದು. ಮೊದಲು ಗೋಡೆಯಾಚೆಯವರನ್ನು ಕೇಳಿ. ಸಂಕೋಚಪಟ್ಟುಕೊಂಡು ಸುಮ್ಮನಿರಬೇಡಿ. ಎಷ್ಟು ಹಿಟ್ಟು, ಎಷ್ಟು ಬದನೆಕಾಯಿ ಉಳಿಯುತ್ತಿತ್ತು ನಮಗೆ!

ಆದರೆ ಅಷ್ಟಕ್ಕೆ ಮುಗಿಯಿತೇ? ದರದ ಮಾತು ಬಂದಾಗ ಸಾಬರು "ನೀವು ಹೇಳಿದಷ್ಟು" ಎಂದರು. ಅತ್ತೆ "ನೀವು ಕೊಟ್ಟಷ್ಟು" ಎಂದರು. ಹೀಗೇ ಅರ್ಧ ಗಂಟೆ ನಡೆಯಿತು. ಕೊನೆಗೆ ನಾನೇ ಚಪ್ಪಲಿಯಿಲ್ಲದೆ ಬೀದಿಯ ತುದಿಗೆ ಓಡಿ ಶಾನುಭೋಗರನ್ನು ಎಳೆದುಕೊಂಡು ಬಂದೆ. ಅವರು ಕಟ್ಟೆಯ ಮೇಲೆ ಕೂತು, ಇಬ್ಬರ ಮುಖವನ್ನೂ ನೋಡಿ, ಒಂದು ಸಂಖ್ಯೆ ಹೇಳಿದರು. ಇಬ್ಬರೂ ಹೂಂ ಎಂದರು. ಬಂದಳಿಕೆಯವರಿಗೆ ಬರುವುದು ಬೇಡವೆಂದು ಹೇಳಿಕಳಿಸಿದೆವು.

ಗುರುವಾರಕ್ಕೆ ರಿಜಿಸ್ಟ್ರಿ ಗೊತ್ತಾಯಿತು. ಪತ್ರ ಬರೆದು ತಯಾರಾಗಿತ್ತು, ನಮ್ಮನೆಯವರು ರಜೆ ಹಾಕಿ ಬಂದಿದ್ದರು. ಕಚೇರಿಗೆ ಹೊರಡುವ ಹೊತ್ತಿಗೆ ಅತ್ತೆ ಇಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. "ಹೊಟ್ಟಿ ನೋಯ್ತೈತಿ. ಇನ್ನೊಂದು ದಿನ ನೋಡಾಣ" ಎಂದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಹೊಟ್ಟೆನೋವಲ್ಲ ಅತ್ತೆ. ನಿಮಗೆ ಮಾರೋಕೆ ಮನಸ್ಸಿಲ್ಲ. ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ರೆ ಆಗ್ತಿರಲಿಲ್ವ? ಬಂದವರಿಗೆಲ್ಲ ಉಣ್ಣಿಸಿ ಉಣ್ಣಿಸಿ ಕಳಿಸಿದ್ರಿ. ಇವತ್ತು ಬೂಬಮ್ಮನಿಗೇ ಇಲ್ಲ ಅಂತೀರಾ? ನನಗೂ ಒಂದು ಸಂಸಾರ ಬೇಡ್ವ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಂದಮೇಲೆ ನನಗೇ ಭಯವಾಯಿತು.

ಅತ್ತೆ ಮೆಲ್ಲಗೆ ಹೇಳಿದರು: "ಮನಿ ಮ್ಯಾಲೆ ಏನೂ ಇಲ್ಲೇ ಹುಡುಗಿ. ಮಣ್ಣಿನ ಗ್ವಾಡಿ ಅದು. ನೀ ಈ ಮನಿಗೆ ಬಂದಾಗ, ಒಳಗ ಬಾ ಅಂದೋಳು ನಾನು. ಅಲ್ಲಿ ನನ್ನ ಬಾ ಅನ್ನೋಳು ನೀನು. ಬ್ಯಾಡ ಅನ್ನೋಳೂ ನೀನೇ. ಊರು ನಿಂದು, ನಿಮ್ಮವ್ವ ಒಂದು ಬಸ್ಸಿನ ದೂರದಾಗ ಅದಾಳ, ಮನಿ ನಿನ್ನ ಗಂಡನ ಹೆಸರಿಗೆ. ನಾ ಅಲ್ಲಿ ಯಾರು?"

ಬಾಗಿಲಿಗೆ ಬಂದವರನ್ನೆಲ್ಲ "ಬರ್ರಿ ಒಳಗ" ಎಂದು ಕೂಗಿ ಕರೆದು ಕೂರಿಸಿ ಬಡಿಸುತ್ತಿದ್ದರಲ್ಲ, ಅದು ಯಾಕೆಂದು ಆಗ ತಿಳಿಯಿತು. ಹಾಗೆ ಕರೆಯುವ ಹಕ್ಕು ಇನ್ನು ಕೆಲವೇ ದಿನ ಎಂದು ಅವರು ಮೊದಲ ದಿನವೇ ತಿಳಿದುಕೊಂಡಿದ್ದರು. ನಾನು ನನ್ನ ಒಲೆ, ನನ್ನ ಹಂಡೆ ಎಂದು ಹೂಡುತ್ತಿದ್ದಾಗ ಅವರ ಚಾಪೆ ಎಲ್ಲಿ ಎಂದು ಒಮ್ಮೆಯಾದರೂ ಯೋಚಿಸಿದ್ದೆನೇ? ಇಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಹೊರಗೆ ಬಂದು ನಮ್ಮನೆಯವರಿಗೆ ಹೇಳಿದೆ, "ಸೊರಬದ ಮನೆ ಪತ್ರ ಅತ್ತೆ ಹೆಸರಲ್ಲೇ ಆಗಲಿ." ಅವರು ಕಣ್ಣರಳಿಸಿದರು. "ನಿಂಗೆ ಬ್ಯಾಸರ ಇಲ್ಲೇನು?" "ಇದೆ. ಸ್ವಲ್ಪ ಇದೆ. ಆದ್ರೂ ಮಾಡಿಸಿ" ಎಂದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಅಲ್ಲ, ಬಹಳವೇ ಇತ್ತು. ಅದು ನನ್ನ ಮನೆ ಎಂದು ಎರಡು ತಿಂಗಳಿಂದ ಕನಸು ಕಂಡವಳು ನಾನು. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಸೀರೆ ಸರಿಮಾಡಿಕೊಂಡು ಬಂದರು. ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಕೈಗೆ ಮಸಿ ಜಾಸ್ತಿಯಾಯಿತೆಂದು ಗುಮಾಸ್ತರ ಮೇಲೆ ರೇಗಿದರು. ಹೊಟ್ಟೆನೋವು ಹೋಗಿದೆ ಎಂದು ನನಗೆ ಗೊತ್ತಾಯಿತು.

ಸೊರಬದ ಮನೆಯ ಪತ್ರ ಅತ್ತೆಯ ಹೆಸರಿಗೇ ಆಯಿತು. ಯುಗಾದಿಗೆ ಎರಡು ದಿನ ಮೊದಲು ಅಲ್ಲಿಗೆ ಹೋದೆವು. ಸಾಮಾನಿನ ಗಾಡಿ ಹಿಂದಿನ ದಿನವೇ ಹೋಗಿತ್ತು. ನಾವು ಬಸ್ಸಿಳಿದು ನಡೆದು ಬಂದಾಗ ಹೊಸ ಮನೆಯ ಬಾಗಿಲಲ್ಲಿ ಮಾವಿನ ತೋರಣ, ಒಳಗೆ ನನ್ನ ಅಮ್ಮ, ಚಿಕ್ಕಮ್ಮ. ಅಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲ ಒಳಗೆ ನಿಂತು, "ಬಾ ಮಗಳೇ, ಬನ್ನಿ ಅಳಿಯಂದಿರೇ" ಎಂದರು. ಪಕ್ಕಕ್ಕೆ ನೋಡಿದರೆ ಅತ್ತೆ ಇಲ್ಲ. ಅವರು ನಾಲ್ಕು ಹೆಜ್ಜೆ ಹಿಂದೆ, ಬೇಲಿಯ ಪಕ್ಕ ಬಿಸಿಲಲ್ಲಿ, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದರು.

"ಅಮ್ಮಾ, ನೀನು ಹೊರಗೆ ಬಾ. ಚಿಕ್ಕಮ್ಮನನ್ನೂ ಕರ್ಕೊಂಡು ಬಾ" ಎಂದೆ.

ಚಿಕ್ಕಮ್ಮ ಗೊಣಗಿದರು, "ಹೊಸ ಮನೆಗೆ ಮುತ್ತೈದೆ ಮೊದಲು ಬಲಗಾಲು ಇಡಬೇಕು ಕಣೇ." ಅವರು ಯಾರನ್ನು ಕುರಿತು ಹೇಳಿದರೆಂದು ಎಲ್ಲರಿಗೂ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು.

"ಮನೆ ಯಾರದೋ ಅವರು ಮೊದಲು ಇಡಬೇಕು" ಎಂದೆ. ನನ್ನ ದನಿ ಸ್ವಲ್ಪ ಜೋರೇ ಆಯಿತು. ಅಮ್ಮ ನನ್ನ ಮುಖ ನೋಡಿದರು. ಆಮೇಲೆ ತಟ್ಟೆ ಹಿಡಿದುಕೊಂಡೇ ಹೊಸ್ತಿಲು ದಾಟಿ ಅಂಗಳಕ್ಕೆ ಬಂದರು. ಗೊಣಗುತ್ತ ಚಿಕ್ಕಮ್ಮನೂ ಬಂದರು. ಮನೆ ಖಾಲಿಯಾಯಿತು.

ಅತ್ತೆ ಅಲುಗಾಡಲಿಲ್ಲ. ನಾನು ಹೋಗಿ ಅವರ ಕೈಯಲ್ಲಿದ್ದ ಬುಟ್ಟಿ ಇಸಿದುಕೊಂಡೆ. ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಬಾಗಿಲು ನೋಡಿದರು. ಆಮೇಲೆ ನಿಧಾನವಾಗಿ ನಡೆದು, ತೋರಣದ ಕೆಳಗೆ ತಲೆ ಬಗ್ಗಿಸಿ, ಬಲಗಾಲಿಟ್ಟು ಒಳಗೆ ಹೋದರು. ನಾವೆಲ್ಲ ಅಂಗಳದಲ್ಲಿ ನಿಂತೇ ಇದ್ದೆವು. ಒಳಗೆ ಅವರು ಎರಡು ಕೋಣೆಗಳಿಗೂ ಹೋಗಿ ಬಂದ ಸದ್ದು, ಹಿತ್ತಲ ಬಾಗಿಲು ತೆಗೆದ ಸದ್ದು ಕೇಳಿಸಿತು. ತಿರುಗಿ ಬಂದು ಹೊಸ್ತಿಲಲ್ಲಿ ನಿಂತಾಗ ಅವರ ಮೂಗು ಕೆಂಪಾಗಿತ್ತು.

"ಬಾರೇ ಒಳಗ" ಎಂದರು ನನಗೆ. "ಬಿಸಿಲಾಗ ಯಾಕ ನಿಂತೀ? ನಿಮ್ಮವ್ವನ್ನೂ ಕರ್ಕೊಂಡು ಬಾ."